ಬಸ್ಸೋ, ಆಟೋವೋ?

ಬಂದರಿನಲ್ಲಿ ನಿಂತ ವಿಹಾರದ ಹಡಗು ತಾನೇ ಏರ್ಪಡಿಸಿದ ಪ್ರವಾಸಕ್ಕೆ ಹೋದವರು ತಡಮಾಡಿದರೆ ಸಾಮಾನ್ಯವಾಗಿ ಕಾಯುತ್ತದೆ. ತಾವಾಗಿ ಊರು ಸುತ್ತಲು ಹೋದವರಿಗಾಗಿ ಕಾಯದು. ಬೀದರಿಗೆ ಕಡಲಿಲ್ಲವಾದರೂ ಈ ಲೆಕ್ಕ ಇಲ್ಲಿಯೂ ಉಂಟು. ತಂಡದ ಬಸ್ಸು ಕೋಟೆ, 1472ರ ಗವಾನ್ ಮದರಸಾ, ಅಷ್ಟೂರಿನ ಸಮಾಧಿ ಗುಮ್ಮಟಗಳನ್ನು ಒಂದೇ ದಿನದಲ್ಲಿ ತೋರಿಸಿ ನಿಶ್ಚಿಂತೆಯಿಂದ ಹಿಂದಿರುಗಿಸುತ್ತದೆ. ವೃದ್ಧರು ಜೊತೆಗಿದ್ದರೆ ನಾನೂ ಅದನ್ನೇ ಹಿಡಿದೇನು.

ಆದರೆ ನೌಬಾದದ ಕರೇಜ್ ಅವಸರದ ಕಣ್ಣಿಗೆ ಬರಿಯ ಬಾವಿಗಳ ಸಾಲು. ಬಹಮನಿ ಕಾಲದ, ಪರ್ಷಿಯಾ ಪದ್ಧತಿಯ ಈ ಸುರಂಗ ಜಂಬಿಟ್ಟಿಗೆ ನೆಲದೊಳಗಿನ ನೀರನ್ನು ಇಳಿಜಾರಿನ ಬಲದಿಂದಲೇ ಊರ ಕಡೆಗೆ ಹರಿಸುತ್ತಿತ್ತು. ಬಾವಿಗಳು ಗಾಳಿಬೆಳಕಿಗೆ, ಅಗೆದ ಮಣ್ಣನ್ನೆತ್ತುವುದಕ್ಕೆ. ಇದು ಮನಸ್ಸಿಗಿಳಿಯಬೇಕಾದರೆ ಒಂದು ಬಾವಿಯಿಂದ ಇನ್ನೊಂದಕ್ಕೆ ನಡೆಯಬೇಕು. ಅದಕ್ಕೆ ಊರಿನ ಆಟೋದವರೇ ಸರಿ. ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ, ಕಾಯುವ ಹೊತ್ತನ್ನೂ ಸೇರಿಸಿ.