ಹಳೇ ಜೀಪಲ್ಲಿ ಮನೆಮಂದಿಯೆಲ್ಲ ಮಂತ್ರಾಲಯಕ್ಕೆ ಹೊರಟಿದ್ದೀರಾ? ಮೊದಲು ಇಷ್ಟು ನೋಡ್ಕೊಳ್ಳಿ

ಮೂಡಿಗೆರೆ: ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ ಚೀಲ ಸೇರಿ, ಮಕ್ಕಳ ಪರೀಕ್ಷೆಯೂ ಆಗುತ್ತಾ ಬಂತು ಅಂದರೆ ತಾಲ್ಲೂಕಿನ ಮನೆಗಳಲ್ಲಿ ಮಂತ್ರಾಲಯ, ತಿರುಪತಿ, ಶಿರಡಿ ಅಂತ ಮಾತು ಶುರುವಾಗುತ್ತೆ. ಬಾಡಿಗೆ ಗಾಡಿಯ ರೇಟ್ ಕೇಳಿದ ಮೇಲೆ ಬಹಳ ಮನೆಗಳಲ್ಲಿ ಕಣ್ಣು ಹೋಗುವುದು ಶೆಡ್ಡಿನಲ್ಲಿ ನಿಂತಿರುವ ಹಳೇ ಜೀಪಿನ ಕಡೆಗೆ. ಮಹೀಂದ್ರ ಮೇಜರ್, ಕಮಾಂಡರ್, ಹಳೇ ಬೊಲೆರೊ, ಜಿಪ್ಸಿ ಹೀಗೆ ಯಾವುದಾದರೊಂದು ಫೋರ್‌ವೀಲ್ ಗಾಡಿ ನಮ್ಮ ಕಡೆ ತೋಟ ಇರುವವರಲ್ಲಿ ಇದ್ದೇ ಇರುತ್ತೆ. ಮಳೆಗಾಲದಲ್ಲಿ ಕೆಸರು ಏರು ಹತ್ತುವ ಗಾಡಿಗೆ ಟಾರ್ ರಸ್ತೆ ಯಾವ ಲೆಕ್ಕ ಅನ್ನೋದು ಸಾಮಾನ್ಯ ಮಾತು.

ಆದರೆ ಈ ಲೆಕ್ಕ ಸರಿಯಿಲ್ಲ. ತೋಟದ ಜೀಪು ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡುತ್ತೆ. ಅದೂ ಫಸ್ಟ್, ಸೆಕೆಂಡ್ ಗೇರಿನಲ್ಲಿ, ಮರದ ನೆರಳಿನಲ್ಲಿ. ಮಂತ್ರಾಲಯ ಅಂದರೆ ಚಿಕ್ಕಮಗಳೂರು, ಕಡೂರು, ಚಿತ್ರದುರ್ಗ, ಚಳ್ಳಕೆರೆ, ಬಳ್ಳಾರಿ, ಆದೋನಿ ದಾಟಿ ಒಂದು ಕಡೆಗೇ ನಾನೂರು ಕಿಲೋಮೀಟರ್ ಆಸುಪಾಸು. ಏಪ್ರಿಲ್‌ನಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ. ಒಳಗೆ ಅಜ್ಜಿ, ಮಕ್ಕಳು, ಲಗೇಜು. ಹಳೇ ಗಾಡಿ ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಬಿಸಿ, ಹಳೇ ರಬ್ಬರು, ಬ್ರೇಕು. ಈ ಮೂರೂ ತೋಟದ ಓಡಾಟದಲ್ಲಿ ಗೊತ್ತೇ ಆಗುವುದಿಲ್ಲ.

ಬಿಸಿಯ ವಿಷಯ ಮೊದಲು

ನಮ್ಮ ಕಡೆ ಎಷ್ಟೋ ಜೀಪುಗಳ ರೇಡಿಯೇಟರಿಗೆ ಹಳ್ಳದ ನೀರೋ ಬೋರ್‌ವೆಲ್ ನೀರೋ ಬಿದ್ದಿರುತ್ತೆ. ಹತ್ತಾರು ವರ್ಷ ಇದೇ ನಡೆದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಉಪ್ಪು, ತುಕ್ಕು ಕಟ್ಟಿಕೊಳ್ಳುತ್ತೆ. ಅರ್ಧ ಕೊಳವೆ ಮುಚ್ಚಿದ್ದರೂ ಮೂಡಿಗೆರೆಯ ತಂಪಿನಲ್ಲಿ ಗಾಡಿ ಬಿಸಿಯಾಗಲ್ಲ. ಚಳ್ಳಕೆರೆ ದಾಟಿ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ತಾಸು ಒಂದೇ ಸಮ ಓಡಿಸಿದಾಗ ಗೊತ್ತಾಗುತ್ತೆ. ಆಗ ಹೆಡ್ ಗ್ಯಾಸ್ಕೆಟ್ ಹೋದರೆ ಪ್ರವಾಸ ಅಲ್ಲಿಗೇ ಮುಗೀತು.

ಅದಕ್ಕೆ ರೇಡಿಯೇಟರ್ ಬಿಚ್ಚಿಸಿ, ರೇಡಿಯೇಟರ್ ಕೆಲಸ ಮಾಡುವವರ ಹತ್ತಿರವೇ ಕ್ಲೀನ್ ಮಾಡಿಸಬೇಕು. ಸುಮ್ಮನೆ ಪೈಪಿಟ್ಟು ನೀರು ಬಿಟ್ಟರೆ ಸಾಲದು. ಆಮೇಲೆ ಬರೀ ನೀರು ಬೇಡ, ಕೂಲೆಂಟ್ ಹಾಕಿಸಿ. ಮೇಲಿನ, ಕೆಳಗಿನ ಎರಡೂ ಹೋಸ್ ಪೈಪು ಹಿಚುಕಿ ನೋಡಿ. ಮೆತ್ತಗೆ ಊದಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಫ್ಯಾನ್ ಬೆಲ್ಟ್ ಹೊಸದು ಹಾಕಿಸಿ, ಹಳೇದನ್ನು ಸ್ಪೇರ್ ಅಂತ ಗಾಡಿಯಲ್ಲಿಡಿ. ರೇಡಿಯೇಟರ್ ಕ್ಯಾಪಿನ ರಬ್ಬರನ್ನೂ ನೋಡಬೇಕು. ಕ್ಯಾಪು ಪ್ರೆಶರ್ ಹಿಡಿದರೆ ಮಾತ್ರ ಒಳಗಿನ ನೀರು ನೂರು ಡಿಗ್ರಿಗೆ ಕುದಿಯದೆ ಇನ್ನೂ ಸ್ವಲ್ಪ ತಡೆದುಕೊಳ್ಳುತ್ತೆ. ಬಿಸಿಯಾಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಎಸೆದಿರುವ ಜೀಪುಗಳೂ ಬೇಕಾದಷ್ಟಿವೆ. ಅದು ರೋಗಕ್ಕೆ ಮದ್ದಲ್ಲ. ರೇಡಿಯೇಟರ್ ಸರಿಯಾದ ಮೇಲೆ ಅದನ್ನು ವಾಪಸ್ ಹಾಕಿಸುವುದೇ ಒಳ್ಳೇದು.

ಇನ್ನೊಂದು, ಟೆಂಪರೇಚರ್ ಮೀಟರ್. ಹಳೇ ಗಾಡಿಗಳಲ್ಲಿ ಇದರ ಮುಳ್ಳು ಸತ್ತು ಎಷ್ಟು ವರ್ಷವಾಯಿತೋ ಮಾಲೀಕರಿಗೇ ನೆನಪಿರಲ್ಲ. ಸೆನ್ಸರ್ ಬದಲಿಸುವುದು ದೊಡ್ಡ ಖರ್ಚಿನ ಕೆಲಸ ಅಲ್ಲ. ಆಯಿಲ್ ಪ್ರೆಶರ್ ಮೀಟರಿಗೂ ಇದೇ ಮಾತು. ಹಾಡು ಕೇಳೋಕೆ ಹೊಸ ಸ್ಟೀರಿಯೋ ಕೂರಿಸುವ ಮೊದಲು ಈ ಎರಡು ಮುಳ್ಳು ಆಡುವ ಹಾಗೆ ಮಾಡಿಸಿ.

ದಾರಿಯಲ್ಲಿ ಮುಳ್ಳು ಮೇಲೆ ಹೋದರೆ ನೆರಳು ನೋಡಿ ನಿಲ್ಲಿಸಿ, ಬಾನೆಟ್ ಎತ್ತಿ, ಅರ್ಧ ಗಂಟೆ ಕಾಯಬೇಕು. ಬಿಸಿಯಿದ್ದಾಗ ಕ್ಯಾಪು ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತೆ. ಬಿಸಿ ಎಂಜಿನ್ನಿಗೆ ಒಮ್ಮೆಗೇ ತಣ್ಣೀರು ಸುರಿದರೆ ಬ್ಲಾಕು, ಹೆಡ್ಡು ಸೀಳುವುದೂ ಉಂಟು.

ಟೈರು ದಪ್ಪ ಇದೆ ಅಂದರೆ ಸಾಲದು

ತೋಟದ ಜೀಪಿನ ಟೈರು ಸವೆಯುವುದೇ ಕಡಿಮೆ. ಗುಂಡಿ ಚೆನ್ನಾಗೇ ಕಾಣುತ್ತೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಬರಹದ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಆರೇಳು ವರ್ಷ ದಾಟಿದ್ದರೆ, ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಆ ಟೈರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಿಸಿ ಹೈವೇಗೆ ಹೋಗುವುದು ಬೇಡ. ಹಿಂದೆ ನೇತಾಡುವ ಸ್ಟೆಪ್ನಿಯನ್ನೂ ನೋಡಿ, ಅದು ಎಲ್ಲಕ್ಕಿಂತ ಹಳೇದಾಗಿರುತ್ತೆ. ಜಾಕಿ ಇಟ್ಟು ಒಮ್ಮೆ ಗಾಡಿ ಎತ್ತಿ ನೋಡಿ. ದೊಡ್ಡ ಟೈರ್ ಹಾಕಿಸಿರುವ ಜೀಪುಗಳಿಗೆ ಕಂಪನಿ ಜಾಕಿ ಎತ್ತರವೇ ಸಾಲುವುದಿಲ್ಲ.

ಫೋರ್‌ವೀಲ್ ಬಗ್ಗೆ ಎರಡು ಮಾತು. ಈ ಹಳೇ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಫೋರ್‌ವೀಲ್ ಹಾಕಿದಾಗ ಎರಡೂ ಒಂದೇ ವೇಗಕ್ಕೆ ಕಟ್ಟು ಬೀಳುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತೆ, ಒಣ ಟಾರಿನಲ್ಲಿ ಜಾರುವುದಿಲ್ಲ. ಅಷ್ಟೂ ಒತ್ತಡ ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟಿನ ಕ್ರಾಸ್ ಮೇಲೆ ಬೀಳುತ್ತೆ. ಹಾಗಾಗಿ ಹೈವೇಯಲ್ಲಿ 'ಗ್ರಿಪ್ ಸಿಗಲಿ' ಅಂತ ಫೋರ್‌ವೀಲ್ ಹಾಕುವುದು ಬೇಡ. ಹಬ್‌ನಲ್ಲಿ ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಹೊರಡುವ ಮುಂಚೆ ಎರಡೂ ಕಡೆ ಫ್ರೀ ಮಾಡಿ. ಹಳ್ಳ ದಾಟುವ ಜೀಪಾದರೆ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗಿನ ಆಯಿಲ್ ಇಳಿಸಿ ನೋಡಿಸಿ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಲೆಕ್ಕ. ಜಿಪ್ಸಿ ಇರುವವರು ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ನೆನಪಾಗದಿದ್ದರೆ ಈಗಲೇ ಹೊಸದು ಹಾಕಿಸಲಿ.

ಬ್ರೇಕು: ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿಸಿ, ಲೈನರ್ ಮತ್ತು ವೀಲ್ ಸಿಲಿಂಡರ್ ನೋಡಿಸಿ, ಚಕ್ರದ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ನಮ್ಮ ಮಳೆ ಸೀಮೆಯಲ್ಲಿ ಕೇಳುವುದೇ ಬೇಡ. ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿದು ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಎರಡು ವರ್ಷಕ್ಕಿಂತ ಹಳೇದಾದರೆ ಪೂರ್ತಿ ಬದಲಿಸಬೇಕು.

ಹಿಂದಿನ ಸೀಟು, ಇನ್ಶೂರೆನ್ಸ್

ಇದು ಯಾರೂ ಮಾತಾಡದ ವಿಷಯ. ಹಳೇ ಜೀಪಿನ ಹಿಂದೆ ಎದುರುಬದುರು ಉದ್ದ ಸೀಟು ಇರುತ್ತೆ, ಬೆಲ್ಟ್ ಇರಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಅಂತ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತೆ. ದಂಡದ ಮಾತು ಹಾಗಿರಲಿ. ಪಕ್ಕಕ್ಕೆ ಮುಖ ಮಾಡಿ ಕೂತವರು ಜೋರಾಗಿ ಬ್ರೇಕ್ ಹಾಕಿದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮಕ್ಕಳಿಗೂ ವಯಸ್ಸಾದವರಿಗೂ ಮುಂದೆ ನೋಡುವ, ಬೆಲ್ಟ್ ಇರುವ ಸೀಟು ಸಾಲದಿದ್ದರೆ ಆ ಜೀಪು ಈ ಪ್ರವಾಸಕ್ಕೆ ಆಗಲ್ಲ, ಎಂಜಿನ್ ಎಷ್ಟೇ ಚೆನ್ನಾಗಿರಲಿ. ಅಂಥವರು ಬಾಡಿಗೆ ಗಾಡಿಯನ್ನೇ ನೋಡುವುದು ವಾಸಿ.

ಹಳೇ ಗಾಡಿಗೆ ಬಹಳ ಜನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಮಾಡಿಸುತ್ತಾರೆ. ಹೆಸರೇ ಹೇಳುವ ಹಾಗೆ ಅದು ಹೊರಗಿನವರಿಗೆ ಆಗುವ ಹಾನಿಗೆ. ಸ್ವಂತ ಗಾಡಿಯೊಳಗೆ ಕೂತ ಹೆಂಡತಿ, ಮಕ್ಕಳು, ಅಪ್ಪ, ಅಮ್ಮನಿಗೆ ಬರೀ ಆ ಪಾಲಿಸಿಯಲ್ಲಿ ಪರಿಹಾರ ಸಿಗುವುದಿಲ್ಲ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಮಾಲೀಕನಿಗೆ ಮಾತ್ರ. ಪ್ರಯಾಣಿಕರಿಗೆ ಪ್ರತ್ಯೇಕ ಅಪಘಾತ ಕವರ್ ಸೇರಿಸಿಕೊಳ್ಳುವ ಅವಕಾಶ ಇದೆ. ಹೊರಡುವ ಮೊದಲು ಪಾಲಿಸಿ ಹಾಳೆ ಹಿಡಿದು ಏಜೆಂಟರ ಹತ್ತಿರ ಇದೊಂದನ್ನು ಬಾಯಿಬಿಟ್ಟು ಕೇಳಿ.

ಆರ್‌ಸಿ ತಾರೀಕನ್ನೂ ನೋಡಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ಮುಂದುವರಿಸಬೇಕು. ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಗಿದೆ. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದ್ದಾರೆ. ತೋಟದೊಳಗೇ ಓಡಾಡುವ ಜೀಪು ಅಂತ ಇದನ್ನು ಬಿಟ್ಟವರು ಕಡಿಮೆಯೇನಿಲ್ಲ. ಆರ್‌ಸಿ ಮುಗಿದಿದ್ದರೆ, ಅಥವಾ ಅದರಲ್ಲಿ ಬರೆದಿರುವ ಎಂಜಿನ್ ಬಿಟ್ಟು ಬೇರೆ ಎಂಜಿನ್ ಕೂತಿದ್ದರೆ, ಅಪಘಾತವಾದಾಗ ಇನ್ಶೂರೆನ್ಸ್ ಕ್ಲೇಮು ತಕರಾರಿಗೆ ಬೀಳುತ್ತೆ. ಎಮಿಷನ್ ಸರ್ಟಿಫಿಕೇಟ್ ಮತ್ತು ಫಾಸ್ಟ್ಯಾಗ್ ಪಕ್ಕದಲ್ಲಿರಲಿ. ಟೋಲಿನಲ್ಲಿ ಫಾಸ್ಟ್ಯಾಗ್ ಇಲ್ಲದಿದ್ದರೆ ಜಾಸ್ತಿ ದುಡ್ಡು ಕಟ್ಟಬೇಕಾಗುತ್ತೆ.

ಹದಿನೈದು ದಿನ ಮುಂಚೆ

ಈ ಕೆಲಸವೆಲ್ಲ ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಬಿಟ್ಟರೆ ಆಗಲ್ಲ. ಹಳೇ ಮಾಡೆಲ್ಲಿನ ಪಾರ್ಟ್ಸ್ ಇಲ್ಲಿ ಸಿಗದೆ ಹಾಸನದಿಂದಲೋ ಬೆಂಗಳೂರಿನ ಜೆ.ಸಿ. ರೋಡಿನಿಂದಲೋ ಬರಬೇಕಾಗುತ್ತೆ. ಕೆಲಸ ಮುಗಿದ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಲಗೇಜಿನ ಭಾರವನ್ನೂ ಹಾಕಿ ಬೇಲೂರು ಮೇಲೆ ಹಾಸನಕ್ಕೊಮ್ಮೆ ಹೋಗಿ ಬನ್ನಿ. ವಾಪಸ್ ಬಂದಾಗ ನಾಲ್ಕೂ ಚಕ್ರದ ನಡುವಿನ ಹಬ್ ಹತ್ತಿರ ಹುಷಾರಾಗಿ ಕೈಯೊಡ್ಡಿ ನೋಡಿ. ಒಂದೇ ಒಂದು ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲವೇ ಬೇರಿಂಗ್ ಹೋಗಿದೆ. ರಾತ್ರಿ ನಿಲ್ಲಿಸುವಾಗ ಅಡಿಗೆ ರಟ್ಟು ಹಾಸಿಟ್ಟರೆ ಎಲ್ಲೆಲ್ಲಿ ಸೋರುತ್ತೆ ಅಂತ ಬೆಳಿಗ್ಗೆ ಕಾಣುತ್ತೆ.

ನಾಲ್ಕು ಗೇರಿನ ಹಳೇ ಜೀಪಿಗೆ ಗಂಟೆಗೆ 60 ಕಿಲೋಮೀಟರ್ ಹಿತವಾದ ವೇಗ. ಲಾರಿ, ಕಾರುಗಳ ಜೊತೆ ಪೈಪೋಟಿ ಬೇಡ. ಆ ವೇಗದಲ್ಲಿ ಒಂದೇ ದಿನಕ್ಕೆ ಮುಟ್ಟಬೇಕು ಅಂದರೆ ಬಳ್ಳಾರಿ ಬಿಸಿಲು ತಪ್ಪಿಸಲಾಗದು. ಮಧ್ಯಾಹ್ನ ಊಟ ಮಾಡಿ ಹೊರಟು ಕತ್ತಲಾಗುವುದರೊಳಗೆ ಚಿತ್ರದುರ್ಗದಲ್ಲಿ ಉಳಿದುಕೊಂಡು, ಬೆಳಗಿನ ಜಾವ ಐದಕ್ಕೆ ಬಿಟ್ಟರೆ ಎಂಟರ ಹೊತ್ತಿಗೆ ಬಳ್ಳಾರಿಯಲ್ಲಿ ತಿಂಡಿ. ಬಿಸಿಲು ನೆತ್ತಿಗೇರುವ ಮುಂಚೆ ತುಂಗಭದ್ರೆಯ ದಡ ಸೇರಬಹುದು.