ಸೆರೆಮನೆ, ಪೆರೋಲ್ ಮತ್ತು ಸಂಸಾರ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹೆಸರು ಕೇಳಿದೊಡನೆ ನೆನಪಾಗುವುದು 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರ. ಆ ನೀರಿನಿಂದ ಹಸಿರಾದ ಇಂಥ ಸೀಮೆಯಲ್ಲಿ ಒಂದು ಮನೆಯ ದುಡಿಯುವ ಕೈ ಸೆರೆಮನೆ ಸೇರಿದರೆ, ತಪ್ಪು ಮಾಡಿದವನೊಡನೆ ಹೊಲವೂ ಹೆಂಡತಿ ಮಕ್ಕಳೂ ಶಿಕ್ಷೆ ಅನುಭವಿಸುತ್ತಾರೆ. ಅಂಥ ಸಮಯದಲ್ಲಿ ಕಾನೂನು ಏನನ್ನು ಕೊಡುತ್ತದೆ ಎಂಬ ತಿಳಿವಳಿಕೆ ಪ್ರತಿ ಮನೆಗೂ ಅವಶ್ಯ.

ಬಂಧಿತನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ವೇಳೆ ಇದರಲ್ಲಿ ಸೇರದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಕೇಳುವುದು ಬಂಧಿತನ ಹಕ್ಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇನ್ನೊಂದು ಬಾಗಿಲು ತೆರೆದಿದೆ. ಹಿಂದೆ ಶಿಕ್ಷೆಯಾಗದ ವಿಚಾರಣಾಧೀನ ಕೈದಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು, ಇತರರು ಅರ್ಧ ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಈ ಸೌಲಭ್ಯವಿಲ್ಲ; ಅನೇಕ ಮೊಕದ್ದಮೆಗಳು ಬಾಕಿಯಿದ್ದವರಿಗೂ ಇಲ್ಲ. ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆ ಕಾರಾಗೃಹದ ಅಧೀಕ್ಷಕರದು.

ಶಿಕ್ಷೆಯಾದವರಿಗೆ ಪೆರೋಲ್ ಎಂಬುದುಂಟು. ಇದು ಬಿಡುಗಡೆಯಲ್ಲ, ಷರತ್ತಿನ ರಜೆ. ಮನೆಯವರ ತೀವ್ರ ಕಾಯಿಲೆ, ಮರಣ, ಮದುವೆಯಂಥ ಕಾರಣಗಳಿಗೆ ಕಾರಾಗೃಹದ ಅಧೀಕ್ಷಕರ ಮೂಲಕ ಅರ್ಜಿ ಸಲ್ಲಿಸಬೇಕು. ಪೊಲೀಸರು ಊರಿಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ಕೊಲೆ ಪ್ರಕರಣದಲ್ಲಿ 11 ವರ್ಷ ಒಳಗಿದ್ದ, ಕನಕಪುರ ಕಡೆಯ ಒಬ್ಬ ಕೈದಿಯು ಹೊಲ ನೋಡಿಕೊಳ್ಳಲು ಗಂಡಾಳಿಲ್ಲವೆಂದು ಪೆರೋಲ್ ಕೇಳಿದ್ದನು. ಕಾರಾಗೃಹದವರು ಒಪ್ಪಲಿಲ್ಲ. 2024ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು 90 ದಿನಗಳ ಪೆರೋಲ್ ನೀಡಿ, ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ ಹಾಕುವ ಷರತ್ತು ವಿಧಿಸಿತು. ಒಕ್ಕಲುತನದ ಸಂಸಾರಗಳು ನೆನಪಿನಲ್ಲಿಡಬೇಕಾದ ತೀರ್ಪಿದು.

ಆದರೆ ಹೊರಗಿದ್ದ ದಿನಗಳ ಲೆಕ್ಕ ಬೇರೆ. ಅವಧಿಪೂರ್ವ ಬಿಡುಗಡೆಗೆ ಬೇಕಾದ ವಾಸ್ತವ ಸೆರೆವಾಸವನ್ನು ಎಣಿಸುವಾಗ ಪೆರೋಲ್ ದಿನಗಳು ಸೇರುವುದಿಲ್ಲವೆಂದು 2023ರ ಜನವರಿಯಲ್ಲಿ, ಗೋವಾದ ಕೈದಿಗಳ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮರಣದಂಡನೆಯೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಪಡೆದವರನ್ನು, ಸಂಹಿತೆಯ ಪ್ರಕಾರ, 14 ವರ್ಷ ಪೂರೈಸದೆ ಬಿಡುವಂತಿಲ್ಲ. ಹದಿನಾಲ್ಕು ತುಂಬಿದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯುವುದೂ ಇಲ್ಲ. ಸರಕಾರದ ಪರಿಶೀಲನೆ ಆಗಬೇಕು. ಪೆರೋಲಿನಿಂದ ಸಕಾಲಕ್ಕೆ ಮರಳದವನು ಮುಂದಿನ ಅವಕಾಶವನ್ನು ತಾನೇ ಕಳೆದುಕೊಂಡಂತೆ.

ಸಣ್ಣ ಅಪರಾಧಿಗಳಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ ಆಸರೆಯಿದೆ. ನ್ಯಾಯಾಲಯವು ಜೈಲಿಗೆ ಕಳುಹಿಸದೆ, ಮೂರು ವರ್ಷ ಮೀರದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಪರಿವೀಕ್ಷಣಾಧಿಕಾರಿಯ ನಿಗರಾನಿಯಲ್ಲಿ ಬಿಡಬಹುದು. 21 ವರ್ಷದೊಳಗಿನವರ ವಿಷಯದಲ್ಲಿ ಸೆರೆವಾಸ ವಿಧಿಸುವ ಮುನ್ನ ಅಧಿಕಾರಿಯ ವರದಿ ತರಿಸಿ ನೋಡಬೇಕು. ವಕೀಲರ ಫೀ ಭರಿಸಲಾರೆವೆಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಬಂಧನದಲ್ಲಿರುವವರಿಗೆ, ಅಂತೆಯೇ ಮಹಿಳೆಯರಿಗೆ, ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದಕ್ಕಾಗಿ ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಯನ್ನು ಕಾಣಬೇಕು.

ಇಷ್ಟೆಲ್ಲದರ ನಡುವೆ ಊರಿನ ಮಾತಿಗೂ ತೂಕವುಂಟು. “ಇವನು ಬಂದರೆ ಶಾಂತಿಗೆ ಭಂಗವೇ?” ಎಂದು ಪೊಲೀಸರು ಕೇಳುವುದು ನೆರೆಹೊರೆಯವರನ್ನೇ. ನೊಂದ ಮನೆಯವರ ಭಯ ನಿಜವಾಗಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಹಗೆಗಾಗಿ ಇಲ್ಲದ ಭಯ ಹುಟ್ಟಿಸಬಾರದು. ಶಿಕ್ಷೆ ಮುಗಿಸಿ ಬಂದವನಿಗೆ ಕೂಲಿಯಾದರೂ ಸರಿ, ಒಂದು ಕಾಯಕ ಸಿಗಬೇಕು. ದುಡಿದು ಉಣ್ಣುವ ದಾರಿ ಕಂಡವನು ಮತ್ತೆ ಕೆಟ್ಟ ಹಾದಿ ಹಿಡಿಯುವ ಸಂಭವ ಕಡಿಮೆ. ಅದರಲ್ಲಿ ಅವನ ಹಿತವಷ್ಟೇ ಅಲ್ಲ, ಊರಿನ ಹಿತವೂ ಇದೆ.