ಕಳ್ಳಿನ ಚಟವೂ ಕೆಲಸದವರ ಮನೆಯವರೂ

ಹೈದರಾಬಾದಿನಲ್ಲಿ 2004ರಲ್ಲಿ ಮುಚ್ಚಿದ್ದ ಕಳ್ಳಿನಂಗಡಿಗಳು 2014ರಲ್ಲಿ ಮತ್ತೆ ತೆರೆದವು. ಇಷ್ಟು ದೊಡ್ಡ ನಗರಕ್ಕೆ ಮರದ ಕಳ್ಳು ಎಲ್ಲಿಂದ ಬರಬೇಕು? ಕೆಲವರು ನೀರಿಗೆ ಸ್ಯಾಕರಿನ್, ಆಲ್‌ಪ್ರಾಜೋಲಾಂ ಎಂಬ ನಿದ್ರೆಮಾತ್ರೆಯ ಪುಡಿ ಬೆರೆಸಿ ಮಾರುತ್ತಾರೆ. ನಮ್ಮ ಹುಡುಗರಿಗೆ ಹತ್ತುವುದು ಆ ಪುಡಿಯ ಚಟ. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿ ಕಡೆ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು.

ಇದನ್ನು ಒಮ್ಮೆಲೇ ಬಿಡಿಸಿದರೆ ಕೈ ನಡುಗುತ್ತದೆ, ನಿದ್ರೆ ಹೋಗುತ್ತದೆ, ಫಿಟ್ಸ್ ಕೂಡ ಬರಬಹುದು. 2015ರಲ್ಲಿ ಸರಕಾರ ಕಲಬೆರಕೆಗೆ ತಡೆ ಹಾಕಿದಾಗ ಇಂಥ ರೋಗಿಗಳು ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಸಾಲುಗಟ್ಟಿದರು. ಆದ್ದರಿಂದ ಮಾಲೀಕ ಬಾಂಧವರೇ, ರೂಮಿನಲ್ಲಿ ಕೂಡಿ ಹಾಕುವ ವೈದ್ಯ ಬೇಡ. ಡಾಕ್ಟರು ಮದ್ದು ಕೊಟ್ಟು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಆದರೆ ಆ ಮಾತ್ರೆ ಲೆಕ್ಕ ಹಾಕಿ ಕೊಡುವವರು ಯಾರು? ನಮ್ಮ ದೋಸೆ ಹೆಂಚಿನವನ ಹೆಂಡತಿಯನ್ನು ಊರಿನಿಂದ ಕರೆಸಿದೆವು. ಆಕೆ ಎರಡು ತಿಂಗಳು ಇದ್ದಳು. ಮಾತ್ರೆ ಆಕೆಯ ಸೆರಗಿನ ಗಂಟಿನಲ್ಲಿ; ಸಂಬಳವೂ, ಅವನೇ ಒಪ್ಪಿದ ಮೇಲೆ, ಆಕೆಯ ಕೈಗೆ. ಒಮ್ಮೆ ಮತ್ತೆ ಕುಡಿದು ಬಂದ. ಆಕೆ ಬೈಯಲಿಲ್ಲ, ಮರುದಿನವೇ ಡಾಕ್ಟರಲ್ಲಿಗೆ ಕರೆದೊಯ್ದಳು. ನಾನಾಗಿದ್ದರೆ ಬೈಯುತ್ತಿದ್ದೆ. ಈಗವನು ಕೆಲಸದಲ್ಲಿದ್ದಾನೆ. ಮನೆಯವರು ದೂರವಿದ್ದರೆ 14446ಕ್ಕೆ ಫೋನು ಮಾಡಿ, ಖರ್ಚಿಲ್ಲ.